ಫಾರ್ಲಾರ್ನ್ ಹೋಪ್

ದೊಡ್ಡ ದಂಡು ಕದಲುವ ಮೊದಲೇ ಶತ್ರುವಿನ ಎದುರಿಗೆ ಕಳುಹಿಸುತ್ತಿದ್ದ ಸಣ್ಣ ತುಕಡಿಗೆ ಇಂಗ್ಲಿಷ್ ಸೈನಿಕರು ಇಟ್ಟಿದ್ದ ಹೆಸರು. 16ನೇ ಶತಮಾನದಿಂದ 19ನೇ ಶತಮಾನದ ಆರಂಭದವರೆಗೆ, ಅಂದರೆ ಉದ್ದ ಭರ್ಜಿ, ಬತ್ತಿಯ ಕೋವಿ ಮತ್ತು ಕೋಟೆ ಒಡೆಯುವ ಫಿರಂಗಿಗಳ ಕಾಲದಲ್ಲಿ, ಯುರೋಪಿನ ಬಹುಪಾಲು ಸೈನ್ಯಗಳಲ್ಲಿ ಇಂಥ ತುಕಡಿ ಇತ್ತು. ತುರ್ಕರಲ್ಲಿ, ಮೊಗಲರಲ್ಲಿ, ದಕ್ಷಿಣ ಭಾರತದ ಪಡೆಗಳಲ್ಲಿ ಇದೇ ಕೆಲಸ ಮಾಡುತ್ತಿದ್ದವರು ಬೇರೆ ಹೆಸರಿನಲ್ಲಿದ್ದರು. ಶ್ರೀರಂಗಪಟ್ಟಣದ ಪಡುವಣ ಗೋಡೆಯ ಒಡಕನ್ನು 1799ರ ಮೇ 4ರ ಮಧ್ಯಾಹ್ನ ಮೊದಲು ಹತ್ತಿದ್ದೂ ಇಂಥದೇ ತುಕಡಿ.

ಹೆಸರು ಓದುಗನನ್ನು ದಾರಿ ತಪ್ಪಿಸುತ್ತದೆ. ಇಲ್ಲಿನ ‘ಹೋಪ್’ಗೂ ಭರವಸೆ ಎಂಬ ಅರ್ಥದ ಇಂಗ್ಲಿಷ್ ಪದಕ್ಕೂ ನಂಟಿಲ್ಲ. ಡಚ್ಚರ ‘ವೆರ್ಲೋರೆನ್ ಹೋಪ್’ ಎಂಬುದು ಇಂಗ್ಲಿಷರ ಕಿವಿಗೆ ಬಿದ್ದು ಹೀಗಾಯಿತು. ಡಚ್ಚಿನಲ್ಲಿ ‘ಹೋಪ್’ ಎಂದರೆ ರಾಶಿ, ಗುಂಪು. ‘ವೆರ್ಲೋರೆನ್’ ಎಂದರೆ ಕಳೆದುಹೋದ. ಜರ್ಮನರು ‘ವೆರ್ಲೋರೆನರ್ ಹೌಫೆನ್’ ಎಂದರು, ಅದೂ ಕಳೆದುಹೋದ ಗುಂಪೇ. ಫ್ರೆಂಚರಲ್ಲಿ ಇವರು ‘ಆಂಫಾಂ ಪೆರ್ದ್ಯು’, ಕಳೆದುಹೋದ ಮಕ್ಕಳು. ಉಸ್ಮಾನಿ ತುರ್ಕರ ಹೆಸರು ಇನ್ನೂ ನೇರ: ‘ಸೆರ್ದೆನ್‌ಗೆಚ್ತಿ’, ತಲೆಯ ಆಸೆ ಬಿಟ್ಟವನು. ನಮ್ಮ ‘ಸರದಾರ’ನಲ್ಲಿರುವ ಪಾರಸಿಯ ‘ಸರ್’, ತಲೆ, ಅಲ್ಲಿಯೂ ಇದೆ. ಇವನ್ನೆಲ್ಲ ಕೇಳಿದವರಿಗೆ ಇದು ಸಾಯಲೆಂದೇ ಕಳುಹಿಸಿದ ಪಡೆ ಎನಿಸುತ್ತದೆ. ಆದರೆ ಕಳುಹಿಸಿದ ಸೇನಾನಿಗೆ ಬೇಕಾಗಿದ್ದದ್ದು ಅವರ ಸಾವಲ್ಲ, ಅವರು ಗಳಿಸಿಕೊಡುವ ಕೆಲವೇ ನಿಮಿಷ. ಹಿಂದಿನ ಕರ್ನಾಟಕದಲ್ಲಿ ಒಡೆಯನೊಂದಿಗೇ ಸಾಯುವ ಪಣ ತೊಟ್ಟಿದ್ದ ಲೆಂಕರು, ಹೊಯ್ಸಳರ ಗರುಡರು ಇದ್ದರು. ಅವರೊಂದಿಗೆ ಇವರನ್ನು ಬೆರೆಸಬಾರದು. ಲೆಂಕನದು ವ್ರತ, ಇವರದು ಲೆಕ್ಕಾಚಾರದ ಪಂದ್ಯ.

ಮೊದಲ ಗುಂಡಿನ ಬೆಲೆ

ಈ ತುಕಡಿ ಏಕೆ ಬೇಕಾಯಿತು ಎನ್ನುವುದಕ್ಕೆ ಆ ಕಾಲದ ಕೋವಿಯನ್ನು ನೋಡಬೇಕು. ಬತ್ತಿಯ ಕೋವಿಗೆ ಮದ್ದು ಸುರಿದು, ಗುಂಡು ಹಾಕಿ, ಗಜದಿಂದ ಜಡಿದು, ಕಿವಿಗೆ ನುಣುಪು ಮದ್ದು ಇಟ್ಟು, ಉರಿಯುವ ಬತ್ತಿಯನ್ನು ಸಿಕ್ಕಿಸಿ ಗುರಿ ಹಿಡಿಯಬೇಕಿತ್ತು. 1607ರಲ್ಲಿ ಯಾಕೋಬ್ ದೆ ಹೇನ್ ಚಿತ್ರಿಸಿದ ಡಚ್ ಕವಾಯತು ಪುಸ್ತಕ ಇದನ್ನು 40ಕ್ಕೂ ಹೆಚ್ಚು ಭಂಗಿಗಳಾಗಿ ಬಿಡಿಸಿ ತೋರಿಸುತ್ತದೆ. ಶಾಂತವಾಗಿ ನಿಂತು ತುಂಬಿದ ಮೊದಲ ಗುಂಡು ಒಂದೇ ಸರಿಯಾದ ಗುಂಡು. ಆಮೇಲಿನವು ಹೊಗೆ, ಗದ್ದಲ, ನಡುಗುವ ಕೈಗಳ ನಡುವೆ ತುಂಬಿದವು. ಹಾಗಾಗಿ ಶತ್ರುವಿನ ಮೊದಲ ಸುತ್ತು ಚೆದುರಿದ ಇನ್ನೂರು ಮುನ್ನೂರು ಜನರ ಮೇಲೆ ಖರ್ಚಾಗಿಬಿಟ್ಟರೆ, ಹಿಂದೆ ಒತ್ತಾಗಿ ಬರುವ ಸಾವಿರಾರು ಭರ್ಜಿಯವರಿಗೆ ದಾರಿ ಅರ್ಧ ಸುಗಮ. ಫಿರಂಗಿಗೂ ಇದೇ ಮಾತು ಅನ್ವಯಿಸುತ್ತಿತ್ತು.

ಎರಡನೆಯ ಕೆಲಸ ಸಾಲು ಕೆಡಿಸುವುದು. ಐದು ಮೀಟರಿನಷ್ಟು ಉದ್ದದ ಭರ್ಜಿಗಳನ್ನು ಹಿಡಿದ ಚೌಕದ ಶಕ್ತಿಯೆಲ್ಲ ಅದರ ಒತ್ತಿನಲ್ಲಿತ್ತು. ಅಲ್ಲಲ್ಲಿ ನಾಲ್ಕು ಜನ ಬಿದ್ದರೂ, ಕೆಣಕಿಸಿಕೊಂಡ ಒಂದು ಸಾಲು ಮುಂದೆ ಹೆಜ್ಜೆ ಇಟ್ಟರೂ ಬಿರುಕು ಕಾಣಿಸಿಕೊಳ್ಳುತ್ತಿತ್ತು. ಮೂರನೆಯದು ಸುದ್ದಿ ತರುವುದು: ಪೊದೆಯ ಹಿಂದೆ ಯಾರಿದ್ದಾರೆ, ಹಳ್ಳದಲ್ಲಿ ಕೆಸರಿದೆಯೇ, ಫಿರಂಗಿ ಎಲ್ಲಿ ಹೂತಿದೆ. ಇದನ್ನು ಗೂಢಚಾರನಿಗಿಂತ ಚೆನ್ನಾಗಿ ಹೇಳುತ್ತಿದ್ದದ್ದು ಮುಂದೆ ಹೋದವರ ಮೇಲೆ ಬಿದ್ದ ಗುಂಡು.

ಈ ಪಾಠ ಮರೆತಾಗ ಏನಾಗುತ್ತದೆ ಎನ್ನುವುದಕ್ಕೆ 1522ರ ಏಪ್ರಿಲ್ 27ರ ಬಿಕೋಕಾ ಕದನ ಸಾಕು. ಮಿಲಾನಿನ ಬಳಿಯ ಆ ತೋಟದಲ್ಲಿ ಫ್ರೆಂಚರ ಎದುರಾಳಿ ಪ್ರಾಸ್ಪೆರೊ ಕೊಲೊನ್ನಾನ ಸೈನ್ಯ ತಗ್ಗಿನ ದಾರಿಯೊಂದರ ಹಿಂದೆ ಮಣ್ಣಿನ ಗೋಡೆ ಕಟ್ಟಿಕೊಂಡು ಕುಳಿತಿತ್ತು. ಫ್ರೆಂಚರ ಸಂಬಳದಲ್ಲಿದ್ದ ಸ್ವಿಸ್ಸರಿಗೆ ಬಾಕಿ ಹಣ ಬಂದಿರಲಿಲ್ಲ, ತಾಳ್ಮೆ ಮುಗಿದಿತ್ತು. ಫಿರಂಗಿ ತನ್ನ ಕೆಲಸ ಮುಗಿಸಲಿ ಎಂದು ಕಾಯದೆ ಅವರ ದೊಡ್ಡ ಚೌಕಗಳು ನೇರ ನುಗ್ಗಿದವು. ಕೋವಿಗಳ ಮೊದಲ ಸುತ್ತು, ಎರಡನೆಯ ಸುತ್ತು, ಎಲ್ಲವೂ ಮುಖ್ಯ ದಂಡಿನ ಮೈಮೇಲೆಯೇ ಬಿತ್ತು. ಸುಮಾರು 3,000 ಸ್ವಿಸ್ಸರು ಸತ್ತರು. ಅದುವರೆಗೆ ಯುರೋಪನ್ನು ನಡುಗಿಸಿದ್ದ ಅವರ ಧೈರ್ಯ ಮತ್ತೆ ಅದೇ ಎತ್ತರಕ್ಕೆ ಏರಲಿಲ್ಲ ಎಂದು ಆ ಕಾಲದವರೇ ಗುರುತಿಸಿದರು.

ಜರ್ಮನಿಯ ಕೂಲಿ ಸೈನಿಕರಾದ ಲಾಂಡ್ಸ್‌ಕ್ನೆಕ್ಟರಲ್ಲಿ ಕಳೆದುಹೋದ ಗುಂಪಿಗೆ ಜನ ಸೇರುತ್ತಿದ್ದ ದಾರಿ ಮೂರು: ತಾವಾಗಿ ಬಂದವರು, ಚೀಟಿ ಎತ್ತಿ ಆಯ್ಕೆಯಾದವರು, ತಪ್ಪು ಮಾಡಿ ಶಿಕ್ಷೆಗೆ ಗುರಿಯಾದವರು. ಅವರ ಮುಂದೆ ರಕ್ತಬಾವುಟ ಎಂದು ಕರೆಯುವ ಕೆಂಪು ಪತಾಕೆ ಹಾರುತ್ತಿತ್ತು. ಅವರಲ್ಲಿ ಸಾಮಾನ್ಯ ಸೈನಿಕನಿಗೆ ತಿಂಗಳಿಗೆ 4 ಗುಲ್ಡೆನ್ ಸಂಬಳ; ಮುಂದಿನ ಸಾಲಿನ ಅಪಾಯ ಹೊತ್ತವನಿಗೆ ಅದರ ಎರಡರಷ್ಟು. ಎರಡು ಕೈಯಿಂದ ಬೀಸುವ ಭಾರಿ ಕತ್ತಿ ಹಿಡಿದು ಇವರು ಶತ್ರುಗಳ ಭರ್ಜಿಗಳನ್ನು ಕಬ್ಬಿನಂತೆ ಕಡಿಯುತ್ತಿದ್ದರು ಎಂಬ ಕಥೆ ಜನಪ್ರಿಯ. ಅಲುಗಾಡುವ ಗಟ್ಟಿ ಆಶ್ ಮರದ ದಂಡವನ್ನು ಗಾಳಿಯಲ್ಲಿ ಕಡಿದು ತುಂಡರಿಸುವುದು ಅಷ್ಟು ಸುಲಭವಲ್ಲ. ಭರ್ಜಿಯ ತುದಿಗಳನ್ನು ಬಡಿದು ಪಕ್ಕಕ್ಕೆ ಸರಿಸಿ ಒಳಗೆ ನುಸುಳುವುದೇ ಅವರ ಕೆಲಸವಾಗಿದ್ದಿರಬೇಕು.

ಬಯಲಿನಲ್ಲಿ, ಬೇಲಿಯ ಬಳಿ, ಕತ್ತಲಲ್ಲಿ

16ನೇ ಶತಮಾನ ಮುಂದುವರಿದಂತೆ ಕತ್ತಿ ಹಿಂದೆ ಸರಿದು ಕೋವಿ ಮುಂದೆ ಬಂತು. 1544ರ ಏಪ್ರಿಲಿನಲ್ಲಿ ಇಟಲಿಯ ಚೆರೆಸೋಲೆಯಲ್ಲಿ ಫ್ರೆಂಚರೂ ಪವಿತ್ರ ರೋಮನ್ ಚಕ್ರವರ್ತಿಯ ಪಡೆಯೂ ಎದುರುಬದುರಾದಾಗ, ಮುಖ್ಯ ದಂಡುಗಳು ಗುಡ್ಡದ ಮರೆಯಲ್ಲಿ ಕಾಯುತ್ತಿದ್ದಂತೆಯೇ ಕೋವಿಯವರ ಕಾದಾಟ ಗಂಟೆಗಟ್ಟಲೆ ನಡೆಯಿತು. ಫ್ರೆಂಚ್ ಕಡೆ ‘ಕಳೆದುಹೋದ ಮಕ್ಕಳ’ ಹೊಣೆ ಹೊತ್ತಿದ್ದವನು ಬ್ಲೇಸ್ ದ ಮೊನ್ಲುಕ್. ಎದುರಾಳಿಯ ಪಕ್ಕ ಎಲ್ಲಿ ಬರಿದಾಗಿದೆ ಎಂದು ಹುಡುಕುವುದು, ತಮ್ಮ ಪಕ್ಕ ಬರಿದಾಗದಂತೆ ನೋಡಿಕೊಳ್ಳುವುದು, ಅವತ್ತಿನ ಆಟವೆಲ್ಲ ಇಷ್ಟೇ. ಮೊನ್ಲುಕ್ ತನ್ನ ನೆನಪುಗಳಲ್ಲಿ ಒಂದು ಉಪಾಯವನ್ನು ಹೆಮ್ಮೆಯಿಂದ ಹೇಳಿಕೊಂಡಿದ್ದಾನೆ. ಭರ್ಜಿಯವರ ಮೊದಲ ಸಾಲಿನ ಬೆನ್ನಿಗೇ ಒಂದು ಸಾಲು ಕೋವಿಯವರನ್ನು ಅಡಗಿಸಿ, ಎರಡು ಚೌಕಗಳು ತಾಗುವ ಗಳಿಗೆಯಲ್ಲಿ ಶತ್ರುವಿನ ನಾಯಕರಿಗೇ ಗುಂಡು ಹಾರಿಸುವುದು. ಎದುರಿನ ಜರ್ಮನರೂ ಅದೇ ಉಪಾಯ ಹೂಡಿ ಬಂದಿದ್ದರು. ಎರಡೂ ಕಡೆಯ ಮುಂದಿನ ಸಾಲುಗಳು ಒಟ್ಟೊಟ್ಟಿಗೆ ಉರುಳಿದವು.

ಇಂಗ್ಲೆಂಡಿನ ಅಂತರ್ಯುದ್ಧದ ಹೊತ್ತಿಗೆ ಬಯಲಿನ ಫಾರ್ಲಾರ್ನ್ ಹೋಪ್ ಒಂದು ಪದ್ಧತಿಯೇ ಆಗಿತ್ತು. ಬೇರೆ ಬೇರೆ ರೆಜಿಮೆಂಟುಗಳಿಂದ ಆಯ್ದ ಕೋವಿಯವರನ್ನು ಒಬ್ಬ ಅಧಿಕಾರಿಯ ಕೈಕೆಳಗೆ ಕೂಡಿಸಿ ಬೇಲಿ, ಹಳ್ಳ, ದಿಬ್ಬದ ಅಂಚಿಗೆ ಕಳುಹಿಸುತ್ತಿದ್ದರು. 1644ರ ಜುಲೈ 2ರಂದು ಮಾರ್ಸ್ಟನ್ ಮೂರಿನಲ್ಲಿ ರಾಜಪಕ್ಷದ ಕೋವಿಯವರು ಎರಡು ಸೈನ್ಯಗಳ ನಡುವಿನ ಹಳ್ಳವನ್ನು ಹಿಡಿದು ಕುಳಿತಿದ್ದರು. 1645ರ ಜೂನ್ 14ರಂದು ನೇಸ್ಬಿಯಲ್ಲಿ ಪಾರ್ಲಿಮೆಂಟಿನ ಸೈನ್ಯದ ಮುಂದೆ ಇಳಿಜಾರಿನಲ್ಲಿ ನಿಂತವರು 300 ಮಂದಿ. ಅವರು ಮಾಡಿದ್ದು ಗುಂಡು ಹಾರಿಸಿ, ಒತ್ತಡ ಬಂದೊಡನೆ ಮುಖ್ಯ ಸಾಲಿಗೆ ಹಿಂದಿರುಗಿದ್ದು. ಹೆಸರು ಎಷ್ಟೇ ಘೋರವಾಗಿರಲಿ, ಬಯಲಿನಲ್ಲಿ ಈ ತುಕಡಿಗೆ ಕೊಟ್ಟ ಅಪ್ಪಣೆ ‘ಸಾಯಿರಿ’ ಎಂದಲ್ಲ, ‘ಕೆಣಕಿ ವಾಪಸು ಬನ್ನಿ’ ಎಂದು. 1648ರ ಆಗಸ್ಟಿನಲ್ಲಿ ಪ್ರೆಸ್ಟನ್ನಿನ ಕಡೆಗೆ ಹೊರಟಾಗ ಕ್ರಾಮ್ವೆಲ್ ಮುಂದೆ ಕಳುಹಿಸಿದ 200 ಕುದುರೆ ಮತ್ತು 400 ಕಾಲಾಳಿನ ಫಾರ್ಲಾರ್ನ್ ಶತ್ರುವಿನ ಹೊರಠಾಣ್ಯಗಳನ್ನು ಮುಟ್ಟಿ, ದೊಡ್ಡ ದಂಡು ಬರುವ ತನಕ ಅಂಟಿಕೊಂಡಿತು. ಸ್ವೀಡನ್ನಿನ ದೊರೆ ಗುಸ್ತಾವ್ ಅಡಾಲ್ಫ್ ಇಂಥ ಆಯ್ದ ಕೋವಿಯವರನ್ನು ಕುದುರೆ ಪಡೆಗಳ ನಡುನಡುವೆ ನಿಲ್ಲಿಸಿ 1631ರಲ್ಲಿ ಬ್ರೈಟನ್‌ಫೆಲ್ಡಿನಲ್ಲಿ ಗೆದ್ದ. ಅದು ಇದೇ ಮರದ ಇನ್ನೊಂದು ಕೊಂಬೆ.

ರಾತ್ರಿಯ ದಾಳಿ ಸ್ಪ್ಯಾನಿಷರ ಕೈಚಳಕ. ಕತ್ತಲಲ್ಲಿ ತಮ್ಮವರ ಗುರುತು ಸಿಗಲೆಂದು ಕವಚದ ಮೇಲೆ ಬಿಳಿ ಅಂಗಿ ತೊಡುತ್ತಿದ್ದರು. ಅಂಗಿಗೆ ಅವರ ಭಾಷೆಯಲ್ಲಿ ‘ಕಮೀಸಾ’, ಹಾಗಾಗಿ ದಾಳಿಯ ಹೆಸರು ‘ಎಂಕಮಿಸಾದಾ’. ನಮ್ಮ ‘ಕಮೀಜು’ ಇದೇ ಬಳಗದ್ದು. 1572ರ ಸೆಪ್ಟೆಂಬರಿನಲ್ಲಿ ಮಾನ್ಸ್ ಪಟ್ಟಣದ ಹತ್ತಿರ ಹೂಲಿಯಾನ್ ರೊಮೇರೊ 600 ಕೋವಿಯವರೊಂದಿಗೆ ಹೀಗೆ ಸ್ಪೇನಿನ ವಿರುದ್ಧ ದಂಗೆ ಎದ್ದಿದ್ದ ಡಚ್ಚರ ನಾಯಕ ಆರೆಂಜಿನ ವಿಲಿಯಂನ ಪಾಳೆಯಕ್ಕೆ ನುಗ್ಗಿದ. ಕಾವಲಿನವರು ಸತ್ತರು. ಗುಡಾರದಲ್ಲಿ ಮಲಗಿದ್ದ ವಿಲಿಯಂನನ್ನು ಎಬ್ಬಿಸಿದ್ದು ಅವನ ಪುಟ್ಟ ನಾಯಿ. ಕುದುರೆ ಹತ್ತಿ ಕೂದಲೆಳೆಯಲ್ಲಿ ಪಾರಾದ ಅವನ ಡೆಲ್ಫ್ಟಿನ ಸಮಾಧಿಯಲ್ಲಿ, ಮಲಗಿದ ಪ್ರತಿಮೆಯ ಕಾಲ ಬುಡದಲ್ಲಿ, ಆ ನಾಯಿ ಇಂದಿಗೂ ಇದೆ. 600 ಜನರ ಒಂದು ತುಕಡಿ ನೆದರ್ಲೆಂಡ್ಸಿನ ಚರಿತ್ರೆಯನ್ನೇ ತಿರುಗಿಸಿಬಿಡುವ ಅಂಚಿಗೆ ಬಂದು ನಿಂತಿತ್ತು.

ಕೋಳಿಮರಿಗಳು ಮತ್ತು ಬೇಟೆಗಾರರು

ಮೊಗಲರ ವ್ಯೂಹದಲ್ಲಿ ಮುಂಪಡೆಗೆ ‘ಹರಾವಲ್’ ಎಂದು ಹೆಸರು, ಅದಕ್ಕೂ ಮುಂದೆ ಸುಳಿವು ಹಿಡಿದು ಹೋಗುವವರು ‘ಕರಾವಲ್’ಗಳು. 1576ರ ಜೂನಿನಲ್ಲಿ ಹಲ್ದಿಘಾಟಿಯಲ್ಲಿ ಸ್ವತಃ ಹಾಜರಿದ್ದ ಇತಿಹಾಸಕಾರ ಬದಾಯೂನಿ, ಹರಾವಲ್‌ನ ಮುಂದೆ ಬಾರ್ಹಾದ ಸಯ್ಯದ್ ಹಾಶಿಮ್ ಎಂಬವನ ಕೈಕೆಳಗೆ 80ರಷ್ಟು ಆಯ್ದ ಯೋಧರಿದ್ದರೆಂದೂ ಅವರನ್ನು ‘ಮುಂಪಡೆಯ ಕೋಳಿಮರಿಗಳು’ ಎಂದು ಕರೆಯುತ್ತಿದ್ದರೆಂದೂ ಬರೆದಿದ್ದಾನೆ. ಫ್ರೆಂಚರು ‘ಕಳೆದುಹೋದ ಮಕ್ಕಳು’ ಎಂದರೆ ಮೊಗಲರು ‘ಕೋಳಿಮರಿಗಳು’ ಎಂದರು. ಎರಡು ದೂರದ ಪಾಳೆಯಗಳಲ್ಲಿ ಸೈನಿಕರ ಕಟುಹಾಸ್ಯ ಹೀಗೆ ಒಂದೇ ಹಾದಿ ಹಿಡಿದದ್ದು ಸೋಜಿಗ. ಮುಳ್ಳುಕಂಟಿ, ಉಬ್ಬುತಗ್ಗುಗಳ ಆ ನೆಲದಲ್ಲಿ ರಾಣಾ ಪ್ರತಾಪನ ಮೊದಲ ಹೊಡೆತಕ್ಕೆ ಕೋಳಿಮರಿಗಳೂ ಹರಾವಲ್ಲೂ ಕಲಸಿಹೋದವು. ಆದರೂ ಹಿಂದಿನ ಸಾಲುಗಳು ಸುಧಾರಿಸಿಕೊಳ್ಳುವಷ್ಟು ಹೊತ್ತು ಅಷ್ಟರಲ್ಲಿ ಸಿಕ್ಕಿತ್ತು.

ಕರಾವಲ್‌ಗಳಿಗೆ ಇನ್ನೊಂದು ಹೊಣೆಯೂ ಇತ್ತು: ಬಾದಶಹನ ಬೇಟೆಗೆ ಕಾಡು ಹುಡುಕುವುದು, ಮೃಗದ ಜಾಡು ಹಿಡಿಯುವುದು. ಇದು ಆಕಸ್ಮಿಕವಲ್ಲ. ಪ್ರಷ್ಯದ ಲಘು ಪದಾತಿಗಳಾದ ಯೇಗರ್‌ಗಳ ಹೆಸರಿನ ಅರ್ಥ ಬೇಟೆಗಾರ. ಫ್ರೆಂಚರ ಶಾಸ್ಯೂರ್ ಎಂದರೂ ಅದೇ. ಚೆದುರಿ ಓಡಾಡುವುದು, ಮರೆ ಹಿಡಿಯುವುದು, ಒಬ್ಬೊಬ್ಬನೇ ನಿಂತು ಗುರಿಯಿಡುವುದು, ಇವನ್ನು ಕವಾಯತು ಮೈದಾನ ಕಲಿಸುತ್ತಿರಲಿಲ್ಲ, ಕಾಡು ಕಲಿಸುತ್ತಿತ್ತು. ನಮ್ಮಲ್ಲಿ ಈ ಜಾಗ ಬೇಡರದು. ಚಿತ್ರದುರ್ಗ ಮತ್ತು ಸುರಪುರದ ನಾಯಕರ ಬಲವೇ ಬೇಡರ ಕೋವಿಯವರು. 1705ರಲ್ಲಿ ಮುದಿ ಔರಂಗಜೇಬ ತಾನೇ ನಿಂತು ಮುತ್ತಿದ ಕೊನೆಯ ಕೋಟೆ ವಾಗಣಗೇರಾ. ಅಲ್ಲಿ ಮೊಗಲರ ದಂಡನ್ನು ತಿಂಗಳುಗಟ್ಟಲೆ ತಡೆದದ್ದು ಗುಡ್ಡದ ಕಲ್ಲುಗಳ ನಡುವಿನಿಂದ ಹೊಡೆಯುತ್ತಿದ್ದ ಇವರ ಗುರಿ. ಮರಾಠರ ಸೈನ್ಯದ ಮುಂಪಡೆಗೆ ‘ಬಿನಿ’ ಎನ್ನುತ್ತಿದ್ದರು, ಬಿನಿವಾಲೆ ಎಂಬ ಮನೆಹೆಸರು ಅದರಿಂದ ಬಂದದ್ದು. ಹೈದರ್ ಮತ್ತು ಟಿಪ್ಪುವಿನ ಪಿಂಡಾರಿ ಸವಾರರು ಶತ್ರುವಿನ ಮೇವು, ದಾಸ್ತಾನು, ಟಪಾಲುಗಳನ್ನು ಕತ್ತರಿಸುತ್ತಾ ದಂಡಿಗಿಂತ ಮುಂದೆ ಹೋಗುತ್ತಿದ್ದರು. ಇವರೆಲ್ಲ ಮುಂಚೂಣಿಯವರೇ, ಆದರೆ ಕಾಯಂ ಪಡೆಗಳು. ಒಂದು ದಿನದ ಕೆಲಸಕ್ಕೆಂದು ಕಟ್ಟಿದ ತುಕಡಿಗಳಲ್ಲ.

ಯುರೋಪಿನಲ್ಲೂ ನಡೆದದ್ದು ಕೊನೆಗೆ ಇದೇ. ಫ್ರಾನ್ಸಿನಲ್ಲಿ ಕೋಟೆಯ ಲಗ್ಗೆಗಳಲ್ಲಿ ಮದ್ದಿನ ಗುಂಡು ಎಸೆಯುತ್ತಿದ್ದ ಸ್ವಯಂಸೇವಕರನ್ನು 1667ರಿಂದ ಗ್ರೆನೇಡಿಯರ್ ಎಂದು ಕಾಯಂ ಮಾಡಿದರು. 18ನೇ ಶತಮಾನದಲ್ಲಿ ಆಸ್ಟ್ರಿಯದ ಗಡಿನಾಡ ಕ್ರೊವಾಟರು, ಪ್ರಷ್ಯದ ಯೇಗರ್‌ಗಳು, ಬ್ರಿಟಿಷರ ಲೈಟ್ ಕಂಪನಿಗಳು ಬಯಲಿನ ಕೆಣಕಾಟವನ್ನು ದಿನನಿತ್ಯದ ಕಸುಬು ಮಾಡಿಕೊಂಡವು. ಫಾರ್ಲಾರ್ನ್ ಹೋಪ್‌ಗೆ ಉಳಿದದ್ದು ಒಂದೇ ಜಾಗ: ಕೋಟೆ ಗೋಡೆಯ ಒಡಕು.

ಒಡಕಿನ ಬಾಯಿ

ಮುತ್ತಿಗೆಗೆ ಅದರದೇ ನಿಯಮವಿತ್ತು. ಕಂದಕ ತೋಡುತ್ತಾ ಹತ್ತಿರ ಬಂದು, ಭಾರಿ ಫಿರಂಗಿಗಳಿಂದ ಒಂದೇ ಜಾಗಕ್ಕೆ ಹೊಡೆದರೆ ಗೋಡೆ ಜರಿದು ಕಲ್ಲುಮಣ್ಣು ಇಳಿಜಾರಾಗಿ ಬೀಳುತ್ತದೆ. ಆಳು ಕೈ ಊರದೆ ಹತ್ತುವಷ್ಟು ಇಳಿಜಾರಾದಾಗ ಒಡಕು ‘ಹತ್ತಲು ತಕ್ಕುದು’ ಎಂದು ಇಂಜಿನಿಯರುಗಳು ಹೇಳುತ್ತಿದ್ದರು. ಆಗ ಕೋಟೆಯವರು ಶರಣಾದರೆ ಮಾನದಿಂದ ಹೊರಡಬಹುದು. ಶರಣಾಗದೆ ಲಗ್ಗೆ ಆದರೆ ದಯೆಯ ಮಾತಿಲ್ಲ, ಊರು ಲೂಟಿಗೆ ಬಿಟ್ಟದ್ದು. ಗೋಡೆ ಒಡೆಯುವುದಕ್ಕೂ ಲಗ್ಗೆಗೂ ನಡುವಿನ ಗಂಟೆಗಳಲ್ಲಿ ಒಳಗಿನವರು ಸುಮ್ಮನಿರುತ್ತಿರಲಿಲ್ಲ. ಒಡಕಿನಲ್ಲಿ ಮದ್ದಿನ ಪೀಪಾಯಿ ಹೂಳುತ್ತಿದ್ದರು, ಕತ್ತಿಯಲಗು ನೆಟ್ಟ ತೊಲೆಗಳನ್ನು ಅಡ್ಡ ಹಾಕುತ್ತಿದ್ದರು. ಇವೆಲ್ಲ ಯಾರ ಮೇಲಾದರೂ ಸ್ಫೋಟವಾಗಲೇಬೇಕು. ಆ ‘ಯಾರೋ’ ಹನ್ನೆರಡೋ ಇಪ್ಪತ್ತೈದೋ ಜನರಾಗಿರಲಿ ಎಂಬುದು ಲೆಕ್ಕ.

ಬ್ರಿಟಿಷರು ಮುತ್ತಿದ ಟಿಪ್ಪುವಿನ ಶ್ರೀರಂಗಪಟ್ಟಣದಲ್ಲಿ ಈ ಲೆಕ್ಕ ಅಂಕಿಗಳಲ್ಲೇ ಕಾಣುತ್ತದೆ. ಮೇಜರ್ ಜನರಲ್ ಡೇವಿಡ್ ಬೇರ್ಡ್‌ನ ಕೈಗೆ ಕೊಟ್ಟ ಲಗ್ಗೆಯ ಪಡೆ 4,376 ಜನರದು: 2,494 ಯುರೋಪಿಯನ್ನರು, 1,882 ದೇಶೀ ಸಿಪಾಯಿಗಳು. ಬೇರ್ಡ್ ಸ್ವತಃ 1780ರ ಪೊಳ್ಳಿಲೂರಿನ ಸೋಲಿನಲ್ಲಿ ಸಿಕ್ಕಿಬಿದ್ದು ಇದೇ ಊರಿನಲ್ಲಿ ನಾಲ್ಕು ವರ್ಷದ ಹತ್ತಿರ ಸೆರೆಯಲ್ಲಿದ್ದವನು, ಹಾಗಾಗಿ ಕೇಳಿ ಪಡೆದ ಕೆಲಸವಿದು. ಪಡೆಯನ್ನು ಬಲ, ಎಡ ಎಂದು ಎರಡು ಸಾಲು ಮಾಡಿದರು. ಒಳಹೊಕ್ಕ ಮೇಲೆ ಒಂದು ತೆಂಕಣ ಗೋಡೆ, ಇನ್ನೊಂದು ಬಡಗಣ ಗೋಡೆ ಹಿಡಿದು ಸುತ್ತಬೇಕು. ಪ್ರತಿ ಸಾಲಿನ ಮುಂದೆ ಒಬ್ಬ ಸಾರ್ಜೆಂಟ್ ಮತ್ತು 12 ಜನ ಸ್ವಯಂಸೇವಕರು, ಇವರೇ ಫಾರ್ಲಾರ್ನ್ ಹೋಪ್. ಅವರ ಬೆನ್ನಿಗೆ ಒಬ್ಬ ಕಿರಿಯ ಅಧಿಕಾರಿ ಮತ್ತು 25 ಜನ. ಆಮೇಲೆ ಸಾವಿರಗಳು.

ಹೊತ್ತು ಆರಿಸಿದ್ದರಲ್ಲೂ ಜಾಣತನವಿತ್ತು. ಲಗ್ಗೆ ಸಾಮಾನ್ಯವಾಗಿ ನಸುಕಿನಲ್ಲಿ ಇಲ್ಲವೇ ರಾತ್ರಿ. ಇಲ್ಲಿ ಮಧ್ಯಾಹ್ನದ ಒಂದು ಗಂಟೆಯ ಸುಮಾರಿಗೆ, ಬೇಸಿಗೆಯ ಉರಿಬಿಸಿಲಲ್ಲಿ, ಕೋಟೆಯವರು ಊಟ, ವಿಶ್ರಾಂತಿಗೆಂದು ಚೆದುರುವ ಹೊತ್ತಿಗೆ. ಟಿಪ್ಪುವಿನ ನಂಬಿಕೆಯ ಸಯ್ಯದ್ ಗಫಾರ್ ಆ ಹೊತ್ತಿಗಾಗಲೇ ಫಿರಂಗಿ ಗುಂಡಿಗೆ ಬಲಿಯಾಗಿದ್ದ. ಮಳೆಗಾಲ ಇನ್ನೂ ಹಿಡಿದಿರಲಿಲ್ಲ. ಸುಮಾರು 280 ಗಜ ಅಗಲದ ಕಾವೇರಿಯ ಪಾತ್ರದಲ್ಲಿ ಬಂಡೆಗಳು ಎದ್ದು ಕಾಣುತ್ತಿದ್ದವು, ನೀರು ಜಾಗ ಜಾಗಕ್ಕೆ ಬೇರೆ ಆಳ. ಆ ಬಂಡೆಗಳ ಮೇಲೆ ಎಡವುತ್ತಾ ದಾಟುವವರಿಗೆ ಅಡ್ಡಗುಂಡು ಬೀಳುತ್ತಿತ್ತು. ಆದರೂ ಆರೇಳು ನಿಮಿಷದಲ್ಲಿ ಬಾವುಟ ಒಡಕಿನ ನೆತ್ತಿಯಲ್ಲಿತ್ತು.

ಬ್ರಿಟಿಷ್ ಬರಹಗಳಲ್ಲಿ ಹಾದುಹೋಗುವ ಒಂದು ಮಾತು ನನಗೆ ಮುಖ್ಯವೆನಿಸುತ್ತದೆ. ಒಡಕಿನ ಅರ್ಧ ಇಳಿಜಾರಿನಲ್ಲಿ ಮೈಸೂರಿನ ಒಂದು ಸಣ್ಣ ಗುಂಪು ಮೇಲಿನಿಂದ ಇಳಿದು ಬಂದು ಇವರನ್ನು ಎದುರಿಸಿತು. ಎಡ ಸಾಲಿನ ನಾಯಕ ಲೆಫ್ಟಿನೆಂಟ್ ಕರ್ನಲ್ ಡನ್ಲಪ್‌ಗೆ ಅಲ್ಲಿಯೇ ಒಬ್ಬ ಸರದಾರನ ಕತ್ತಿಯಿಂದ ಮಣಿಕಟ್ಟು ಸೀಳಿತು. ಅಂದರೆ ಒಡಕಿನಲ್ಲಿ ಡಿಕ್ಕಿಯಾದದ್ದು ಎರಡು ಫಾರ್ಲಾರ್ನ್ ಹೋಪ್‌ಗಳು. ಒಂದರ ಹೆಸರುಗಳು ದಾಖಲೆಯಲ್ಲಿವೆ. 1907ರಲ್ಲಿ ಮೈಸೂರು ಸರ್ಕಾರ ಒಡಕಿನ ಸಮೀಪ ನಿಲ್ಲಿಸಿದ ಕಲ್ಲಿನ ಕಂಬವೂ ಮುತ್ತಿಗೆ ಹಾಕಿದವರ ನೆನಪಿನದೇ. ಬಿರಿದ ಗೋಡೆಯ ಮೇಲಿನಿಂದ ಕೆಳಗಿಳಿದು ಬಂದವರಿಗೆ ಅಂಥ ಕಂಬವಿಲ್ಲ. ಒಡಕಿನ ಹಿಂದೆ ಇನ್ನೊಂದು ಗೋಡೆಯೂ ಅದಕ್ಕೆ ಒಂದು ಕಂದಕವೂ ಇತ್ತು. ಮೊದಲು ಹತ್ತಿದವರು ಅದನ್ನು ಕಂಡು ಬೆಚ್ಚಿದರು. ಕಂದಕ ದಾಟಲು ಇಕ್ಕಟ್ಟಾದ ದಾರಿಯೊಂದು ಸಿಕ್ಕದಿದ್ದರೆ ಆ ಮಧ್ಯಾಹ್ನ ಬೇರೆ ರೀತಿ ಮುಗಿಯಬಹುದಿತ್ತು.

ಸ್ಪೇನಿನಲ್ಲಿ ಫ್ರೆಂಚರ ವಿರುದ್ಧ ಬ್ರಿಟಿಷ್ ಸೇನಾನಿ ವೆಲ್ಲಿಂಗ್ಟನ್ನನ ಮುತ್ತಿಗೆಗಳು ಇದೇ ಪದ್ಧತಿಯ ಕೊನೆಯ ದೊಡ್ಡ ಅಧ್ಯಾಯ. 1812ರ ಜನವರಿ 19ರಂದು ಸಿಯುದಾದ್ ರೊದ್ರಿಗೊ ಒಂದು ಸಂಜೆಯಲ್ಲಿ ಬಿತ್ತು. ದೊಡ್ಡ ಒಡಕಿನಲ್ಲಿ ಹೂತಿದ್ದ ಮದ್ದು ಸಿಡಿದು ಜನರಲ್ ಮೆಕಿನನ್ ಸತ್ತ. ಏಪ್ರಿಲ್ 6ರ ರಾತ್ರಿ ಬದಾಹೋಸ್‌ನಲ್ಲಿ ಮಾತ್ರ ಲೆಕ್ಕ ತಪ್ಪಿತು. ಅಲೆ ಅಲೆಯಾಗಿ ಹೋದವರು ಒಡಕಿನ ಕತ್ತಿಯಲಗುಗಳಿಗೇ ಸಿಕ್ಕಿಬಿದ್ದರು. ಗೆಲುವು ಬಂದದ್ದು ಬೇರೆ ಕಡೆ, ಯಾರೂ ನಿರೀಕ್ಷಿಸದ ಎತ್ತರದ ಗೋಡೆಗಳಿಗೆ ಏಣಿ ಹಾಕಿ ಹತ್ತಿದವರಿಂದ. ಒಡಕಿನಲ್ಲಿ ಸತ್ತವರು ಕೋಟೆಯವರ ಕಣ್ಣನ್ನೂ ಕೋವಿಯನ್ನೂ ತಮ್ಮ ಕಡೆಗೇ ಹಿಡಿದಿಟ್ಟದ್ದು ಏಣಿಯವರಿಗೆ ಅನುಕೂಲವಾಯಿತು ಎನ್ನಬಹುದು. ಒಂದೇ ರಾತ್ರಿ ಸತ್ತು ಗಾಯಗೊಂಡವರು 3,000ಕ್ಕೂ ಮೀರಿದ್ದ ಲಗ್ಗೆಗೆ ಅದು ತುಂಬ ದುಬಾರಿಯಾದ ಅನುಕೂಲ. ಆಮೇಲೆ ಊರಿನಲ್ಲಿ ನಡೆದ ಲೂಟಿ ಬ್ರಿಟಿಷ್ ಸೈನ್ಯಕ್ಕೆ ಅಂಟಿದ ಕಳಂಕ.

ಹೋದವರು ಏಕೆ ಹೋದರು

ಲಾಂಡ್ಸ್‌ಕ್ನೆಕ್ಟರ ಚೀಟಿ, ಶಿಕ್ಷೆಗಳನ್ನು ಬಿಟ್ಟರೆ, ಬಲವಂತದಿಂದಲ್ಲ. 18ನೇ ಶತಮಾನದ ಕೊನೆಗೆ ಈ ತುಕಡಿಗೆ ಸೇರಲು ಜನ ಜಗಳವಾಡುತ್ತಿದ್ದರು. ಕಾಸಿಲ್ಲದ ಕಿರಿಯ ಅಧಿಕಾರಿಗೆ ಬಡ್ತಿ ಕೊಂಡುಕೊಳ್ಳುವ ಶಕ್ತಿ ಇರಲಿಲ್ಲ. ಬ್ರಿಟಿಷ್ ಸೈನ್ಯದಲ್ಲಿ ಆಗ ಹುದ್ದೆಗಳು ಮಾರಾಟಕ್ಕಿದ್ದವು. ಹಣ ಕೊಡದೆ ಮೇಲೇರಲು ಒಡಕು ಒಂದು ಮೆಟ್ಟಿಲು. ತುರ್ಕರಲ್ಲಿ ಸೆರ್ದೆನ್‌ಗೆಚ್ತಿಯಾಗಿ ಬದುಕಿ ಬಂದವನಿಗೆ ಸಂಬಳ ಏರುತ್ತಿತ್ತು. ಸಾಮಾನ್ಯ ಸೈನಿಕನಿಗೆ ಲೂಟಿಯ ಆಸೆ, ಜೊತೆಗಾರರ ಎದುರು ಹೆಸರು. ಬ್ರಿಟಿಷರ 52ನೇ ರೆಜಿಮೆಂಟು ತನ್ನಲ್ಲಿ ಲಗ್ಗೆಗೆ ಹೋಗಿ ಉಳಿದವರಿಗೆ ತೋಳಿನ ಮೇಲೆ ಒಂದು ಗುರುತು ಕೊಟ್ಟಿತು, ಅಷ್ಟೇ.

ಪ್ರತಿಫಲ ಮಾತ್ರ ಕೈಗೆ ಬಂದಾಗ ಬಂದಂತೆ. ಶ್ರೀರಂಗಪಟ್ಟಣದ ಒಂದು ಫಾರ್ಲಾರ್ನ್ ಹೋಪನ್ನು ನಡೆಸಿದ ಬಾಂಬೆ ಯುರೋಪಿಯನ್ ರೆಜಿಮೆಂಟಿನ ಸಾರ್ಜೆಂಟ್ ಗ್ರಹಾಂಗೆ ಅಧಿಕಾರಿಯ ಹುದ್ದೆ ಸಿಗುವುದಿತ್ತು. ಒಡಕಿನ ಮೇಲೆ ನಿಂತು ತಾನೇ ತನ್ನನ್ನು ಲೆಫ್ಟಿನೆಂಟ್ ಎಂದು ಕೂಗಿಕೊಂಡ, ಬಾವುಟ ನೆಟ್ಟ, ಗುಂಡು ತಗುಲಿ ಬಿದ್ದ ಎಂದು ಆ ಕಾಲದ ಬರಹಗಳು ಹೇಳುತ್ತವೆ. ಸಿಯುದಾದ್ ರೊದ್ರಿಗೊದಲ್ಲಿ ಚಿಕ್ಕ ಒಡಕು ಹತ್ತಿದ ಲೆಫ್ಟಿನೆಂಟ್ ಗರ್ವುಡ್‌ಗೆ ಸೆರೆಸಿಕ್ಕ ಕೋಟೆಯ ಅಧಿಪತಿಯ ಕತ್ತಿಯನ್ನೇ ವೆಲ್ಲಿಂಗ್ಟನ್ ಕೊಟ್ಟ. ಅದೇ ಸಂಜೆ ದೊಡ್ಡ ಒಡಕನ್ನು ಹತ್ತಿದ 88ನೇ ರೆಜಿಮೆಂಟಿನ ಮ್ಯಾಕಿಗೆ ಬಹುಕಾಲ ಏನೂ ದಕ್ಕಲಿಲ್ಲವೆಂದು ಅವನ ರೆಜಿಮೆಂಟಿನ ಗ್ರಾಟನ್ ನೊಂದು ಬರೆದಿದ್ದಾನೆ.

ಲೂಟಿಯ ಹಂಚಿಕೆಯಲ್ಲೂ ಇದೇ ಕಥೆ. ಶ್ರೀರಂಗಪಟ್ಟಣದಲ್ಲಿ ಸಿಕ್ಕ ಸಂಪತ್ತಿನ ಎಂಟನೆಯ ಒಂದು ಪಾಲನ್ನು ನದಿಯ ಆಚೆ ದಡದಲ್ಲಿದ್ದ ಸೇನಾಧಿಪತಿ ಹ್ಯಾರಿಸ್ ತೆಗೆದುಕೊಂಡ. ಅದು ಹೆಚ್ಚಾಯಿತೆಂದು ಕಂಪನಿಯೊಂದಿಗೆ ವ್ಯಾಜ್ಯವೂ ನಡೆಯಿತು. ಎಡ ಸಾಲಿನ ಮುಂದೆ ಹೋಗಿದ್ದ 77ನೇ ರೆಜಿಮೆಂಟಿನ ಲೆಫ್ಟಿನೆಂಟ್ ಅಲೆಕ್ಸಾಂಡರ್ ಲಾರೆನ್ಸ್ ಗಾಯಗೊಂಡು ಒಡಕಿನಲ್ಲಿ ಬಿಸಿಲಿಗೆ ಬಿದ್ದಿದ್ದ. ಬದುಕಿ ಉಳಿದ, ತನ್ನ ಸೇವೆಗೆ ತಕ್ಕದ್ದು ಸಿಗಲಿಲ್ಲ ಎಂಬ ಕೊರಗನ್ನು ಕೊನೆಯವರೆಗೂ ಇಟ್ಟುಕೊಂಡ. ಅವನ ಮಕ್ಕಳು ರಾಜನ ಸೈನ್ಯಕ್ಕೆ ಸೇರದೆ ಕಂಪನಿಯ ನೌಕರಿ ಹಿಡಿದರು. ಅವರಲ್ಲಿ ಹೆನ್ರಿ 1857ರಲ್ಲಿ ಲಖನೌ ಮುತ್ತಿಗೆಯಲ್ಲಿ, ಗೋಡೆಯ ಒಳಗಿನವನಾಗಿ, ಸತ್ತ. ಜಾನ್ 1864ರಲ್ಲಿ ಭಾರತದ ವೈಸರಾಯ್ ಆದ.